ಬನ್ನಿ ಕೊಟ್ಟು ಕೇಳಿದ ಮಾತು

“ಅಯ್ಯಯ್ಯ! ಅಲ್ಲಿ ಇಡಬ್ಯಾಡ್ರಿ! ಕೈ ತಗೀರಿ... ಕೈ ತಗೀರಿ ಅಂದೆ!”

ವಿದ್ಯಾವತಿ ಕೂಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಬಾಗಿಲಿನಿಂದ ಒಳಗೆ ಬಂದ ಆ ಎತ್ತರದ ಹುಡುಗ, ಕೈಯಲ್ಲಿದ್ದ ಬಿಸಿ ಬಿಸಿ ಮಿರ್ಚಿ ಬಜಿಯ ಪೊಟ್ಟಣವನ್ನು ಕಣ್ಣಿಗೆ ಬಿದ್ದ ಮೊದಲ ಜಾಗದಲ್ಲಿ ಇಟ್ಟುಬಿಟ್ಟಿದ್ದ. ಅದು ಬರೀ ಮೇಜಲ್ಲ. ಮೇಜಿನ ಮೇಲೆ ಒಣಗಲು ಹರವಿದ್ದ ಅರಿಶಿಣ ಬಣ್ಣದ ದೊಡ್ಡ ಹಾಳೆ! ಗಾಬರಿಯಲ್ಲಿ ಪೊಟ್ಟಣ ಎತ್ತಲು ಹೋಗಿ, ಇನ್ನೊಂದು ಕೈಯನ್ನು ಅದೇ ಹಾಳೆಯ ಮೇಲೆ ಊರಿದ. ಐದೂ ಬೆರಳು ಎಣ್ಣೆಯಲ್ಲಿ ಅಚ್ಚೊತ್ತಿದಂತೆ ಮೂಡಿದವು.

“ತಪ್ಪಾತ್ರಿ ಮೇಡಂ...”

“ತಪ್ಪಾತು ಅಂದ್ರ ಮುಗೀತೇನ್ರಿ? ಮುಂಜಾನಿಂದ ಅರಿಶಿಣ ನೀರಾಗ ನೆನಸಿ, ಒಂದ್ ಸುಕ್ಕಿಲ್ದಂಗ ಒಣಗಿಸೀನಿ. ಇದರ ಮ್ಯಾಲ ಇನ್ನೊಂದು ಬಣ್ಣ ಹಚ್ಚೂದಿತ್ತು. ಎಣ್ಣಿ ಬಿದ್ದಲ್ಲಿ ಬಣ್ಣ ಹಿಡೀತೈತೇನು?”

“ಹಿಡಿಯಂಗಿಲ್ಲೇನ್ರಿ?”

ಅವನು ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದ. ಅವಳಿಗೆ ಮಾತ್ರ ಅದು ಕೊಂಕಾಗಿ ಕೇಳಿಸಿತು.

“ಇದು ನಿಮ್ಮ ಬಜಿ ಕಟ್ಟೂ ರದ್ದಿ ಅಲ್ರಿ!”

ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರ ಕೈಯ ಕುಂಚಗಳೆಲ್ಲ ನಿಂತುಬಿಟ್ಟವು. ಹುಡುಗ ಒಮ್ಮೆ ಹಾಳೆಯನ್ನು ನೋಡಿದ, ಒಮ್ಮೆ ಅವಳ ಕೆಂಪಾದ ಮುಖವನ್ನು ನೋಡಿದ. ಆಮೇಲೆ ಬಹಳ ವಿನಯದಿಂದ ಹೇಳಿದ.

“ನೀವು ಬೈಯೂದು ಖರೇ ಐತ್ರಿ. ಆದ್ರ ಬಜಿ ಬಿಸಿ ಅದಾವು. ಆರಿದ್ರ ಚೊಲೊ ಇರಂಗಿಲ್ಲ. ಮೊದಲು ತಿಂದಬಿಡ್ರಿ, ಆಮ್ಯಾಲ ನಿವಾಂತ ಬೈರಿ. ನಾ ಇಲ್ಲೇ ನಿಂತಿರ್ತೇನಿ.”

ಗೊಳ್ಳೆಂದು ನಗು! ಎಲ್ಲರಿಗಿಂತ ಜೋರಾಗಿ ನಕ್ಕವಳು ಗೋದುಬಾಯಿ. “ಅಗ ವಿದ್ಯಾ, ಬಜಿ ತಾ ಅಂತ ನಾನೇ ಹೇಳಿದ್ದೆ. ಹಳಿಯಾಳದ ಶಂಕ್ರವ್ವನ ಮಗಾ ಈರೇಶ ಇಂವ. ಬಡಪಾಯಿ ಪೋರ, ಬಿಡ ಹೋಗ್ಲಿ.”

ಆ ಬಡಪಾಯಿ ಪೋರನ ತುಟಿಯ ಅಂಚಿನಲ್ಲಿ ನಗುವಿತ್ತು. ಅದನ್ನು ಕಂಡು ವಿದ್ಯಾವತಿಯ ಸಿಟ್ಟು ಇನ್ನಷ್ಟು ಏರಿತು. ಬಜಿಯನ್ನಂತೂ ಅವಳು ಮುಟ್ಟಲಿಲ್ಲ. (ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು, ಆರಿದ್ದನ್ನೇ ಎರಡು ತಿಂದಳು. ಅದು ನಮ್ಮ ನಿಮ್ಮಲ್ಲೇ ಇರಲಿ!)

ದಾಂಡೇಲಿಯಂಥ ಊರಿನಲ್ಲಿ ಕಾಗದದ ಹುಚ್ಚು ಹಿಡಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ವಿದ್ಯಾವತಿಯ ಅಪ್ಪ ಸೋಮಪ್ಪ ಕಲಘಟಗಿ ಕಡೆಯಿಂದ ಬಂದು ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದವರು. ಮಗಳು ಬಾಲ್ಯದಿಂದಲೂ ಕಾಗದ ಕತ್ತರಿಸುತ್ತ, ಮಡಚುತ್ತ ಬೆಳೆದವಳು. ಈಗ ಶಾಲೆಯೊಂದರಲ್ಲಿ ಚಿತ್ರಕಲೆ ಟೀಚರು. ಭಾನುವಾರ ಮಾತ್ರ ಮನೆಯ ಪಡಸಾಲೆಯಲ್ಲಿ ಅವಳದೇ ದರ್ಬಾರು. ಕಾಗದದ ಹೂವು ಮಾಡಲು ಕಲಿಯಲು ಓಣಿಯ ಹೆಂಗಸರು ಬರುತ್ತಾರೆ, ಜೊಯಿಡಾದಿಂದ ಗೋದುಬಾಯಿ ಬಸ್ಸು ಹಿಡಿದು ಬರುತ್ತಾಳೆ. ಬಸ್ಸು ಬಂದಾಗಲೇ ಅವಳ ಪಾಲಿಗೆ ಕ್ಲಾಸು ಶುರು.

ಅಂಗಡಿಯ ಬಣ್ಣದ ಹಾಳೆಗಳನ್ನು ವಿದ್ಯಾವತಿ ಬಳಸುತ್ತಿರಲಿಲ್ಲ. ಬಿಳಿ ಹಾಳೆಗೆ ತಾನೇ ಬಣ್ಣ ಕುಡಿಸಬೇಕು. ಚಹಾದ ನೀರಿನಲ್ಲಿ ಅದ್ದಿದರೆ ಹಣ್ಣೆಲೆಯ ಕಂದು. ಅರಿಶಿಣದ ನೀರಿನಲ್ಲಿ ಅದ್ದಿ ಒಣಗಿಸಿ, ಮೇಲೆ ಸುಣ್ಣದ ತಿಳಿನೀರಿನ ಕುಂಚ ಆಡಿಸಿದರೆ ಕಣ್ಣೆದುರೇ ಕೆಂಪು! ಹಸಿ ಬಣ್ಣದ ಮೇಲೆ ನಾಲ್ಕು ಹರಳುಪ್ಪು ಉದುರಿಸಿದರೆ ಉಪ್ಪು ಬಣ್ಣವನ್ನು ಹೀರಿ, ಬಿಳಿ ಬಿಳಿ ಹೂ ಬಿಡಿಸುತ್ತದೆ. ಎಸಳಿನ ಅಂಚಿಗೆ ಬಣ್ಣದ ಸೀಮೆಸುಣ್ಣ ಪುಡಿ ಮಾಡಿ, ಅರಳೆಯನ್ನು ಅದರಲ್ಲಿ ಅದ್ದಿ, ಮೆಲ್ಲಗೆ ಉಜ್ಜಬೇಕು.

ಕ್ಲಾಸಿನಲ್ಲಿ ತಿನ್ನುವುದಕ್ಕೇನೂ ಅಡ್ಡಿಯಿಲ್ಲ. ತಿನ್ನದೆ ನಮ್ಮ ಹೆಂಗಸರು ಕೆಲಸ ಮಾಡಿದ್ದುಂಟೇ? ಆದರೆ ನಿಯಮ ಒಂದಿತ್ತು. ಎಣ್ಣೆ ಇರಬಾರದು, ಕೈಗೆ ಅಂಟಬಾರದು.

ಮುಂದಿನ ಭಾನುವಾರ ಈರೇಶ ಮತ್ತೆ ಪ್ರತ್ಯಕ್ಷನಾದ! ಹಳಿಯಾಳದ ಪೇಟೆಯಲ್ಲಿ ಅವರದು ಫರಾಳದ ಅಂಗಡಿ. ದಾಂಡೇಲಿಯ ಅಂಗಡಿಗಳಿಗೆ ಚಕ್ಕಲಿ, ಶಂಕರಪಾಳಿ ಹಾಕಲು ವ್ಯಾನ್ ತರುತ್ತಿದ್ದ. ಈ ಸಲ ಕೈಯಲ್ಲಿ ಸ್ಟೀಲಿನ ಡಬ್ಬಿ.

“ಎಣ್ಣಿ ಇಲ್ರಿ ಮೇಡಂ. ಹುರಿದ ಅವಲಕ್ಕಿ, ಪುಟಾಣಿ ಕಡಲಿ, ಒಣ ಕೊಬ್ಬರಿ. ಕೈಗೆ ಹತ್ತಬಾರದು ಅಂತ ಚಮಚಾನೂ ತಂದೇನಿ.”

“ನಿಮಗ ಯಾರ್ರಿ ತರಾಕ ಹೇಳಿದ್ರು?”

“ಯಾರೂ ಹೇಳಿಲ್ರಿ. ಕೆಡಿಸಿದಾಂವ ನಾನು. ಕಲತು ಹಾಳಿ ತುಂಬಿಕೊಡ್ತೇನಿ.”

*ಕಲಿಯುತ್ತಾನಂತೆ! ಈ ಒರಟು ಕೈಯಲ್ಲಿ?* ವಿದ್ಯಾವತಿ ಮನಸ್ಸಿನಲ್ಲೇ ಅಂದುಕೊಂಡಳು. ಆದರೂ ಮೂಲೆಯಲ್ಲಿ ಒಂದು ಮಣೆ ತೋರಿಸಿದಳು.

ಆ ಒರಟು ಕೈ ಮೊದಲ ದಿನವೇ ಎಸಳುಗಳನ್ನು ಹರಿದು ಚಿಂದಿ ಮಾಡಿತು. ಅರಳೆ ಹಿಡಿದು ಹಿಟ್ಟು ನಾದುವಂತೆ ಒತ್ತುತ್ತಿದ್ದ. ನೋಡುವಷ್ಟು ನೋಡಿ ವಿದ್ಯಾವತಿ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು.

“ಒತ್ತಬ್ಯಾಡ್ರಿ. ಮುಟ್ಟಿದ್ರೂ ಮುಟ್ಟದಂಗಿರಬೇಕು. ಅಂಚಿಂದ ಒಳಗ ಬರಬೇಕು, ಹಗೂರಕ... ಹಾಂ, ಹಿಂಗ.”

ಎಸಳಿನ ಅಂಚು ಕೆಂಪಾಯಿತು. ಈರೇಶನ ಕಿವಿಯೂ ಕೆಂಪಾಯಿತು. ವಿದ್ಯಾವತಿ ತಟ್ಟನೆ ಕೈಬಿಟ್ಟು, ಇಲ್ಲದ ಕುಂಚವನ್ನು ಹುಡುಕಲು ಅಡುಗೆಮನೆಗೆ ಹೋದಳು.

ಮತ್ತೊಂದು ಸಂಗತಿ ನಡೆಯಿತು. ಅವನ ಕೈಯಚ್ಚು ಬಿದ್ದ ಹಾಳೆಯನ್ನು ಅವಳು ಎಸೆದಿರಲಿಲ್ಲ. ಒಂದು ಸಂಜೆ ಕಿಟಕಿಯ ಬಿಸಿಲಿಗೆ ಅಡ್ಡ ಹಿಡಿದಾಗ, ಎಣ್ಣೆ ಬಿದ್ದ ಜಾಗ ಮಾತ್ರ ಬೆಳಕು ತುಂಬಿ ಹೊಳೆಯಿತು. ದೀಪಾವಳಿಯ ಆಕಾಶಬುಟ್ಟಿಗೆ ಇದಕ್ಕಿಂತ ಬೇಕೇ? ಮೊದಲು ಬಣ್ಣ ಕುಡಿಸಿ, ಪೂರ್ತಿ ಒಣಗಿಸಿ, ಕೊನೆಗೆ ಹತ್ತಿಯಲ್ಲಿ ಎಣ್ಣೆ ಸವರಿದರೆ ಹಾಳೆಗೆ ಹಾಳೆಯೇ ದೀಪವಾಗುತ್ತದೆ. ಕ್ಲಾಸಿನಲ್ಲಿ ಎಣ್ಣೆ ಸವರುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ.

“ಬೈಸಿಕೊಂಡ ಕೆಲಸಕ್ಕ ಈಗ ಪದವಿ ಸಿಕ್ತು ನೋಡ್ರಿ!” ಎಂದು ಈರೇಶ ಎದೆಯುಬ್ಬಿಸಿದ. ವಿದ್ಯಾವತಿ ಮೊದಲ ಸಲ ಅವನೆದುರು ಬಾಯಿ ತುಂಬ ನಕ್ಕಳು.

ಇನ್ನು ಅಂಟಿನ ಕಥೆಯನ್ನು ಹೇಳದಿದ್ದರೆ ಗೋದುಬಾಯಿ ನನ್ನನ್ನು ಬಿಡುವುದಿಲ್ಲ.

ಒಂದು ಶನಿವಾರ ಸಂಜೆ ನೋಡಿದರೆ ಗೋಂದು ಮುಗಿದಿತ್ತು. ವಿದ್ಯಾವತಿ ಅವನಿಗೆ ಫೋನು ಮಾಡಿ, “ಬರೂ ಮುಂದ ಅಂಟು ತರ್ರಿ, ಜಾಸ್ತೀನ ಇರ್ಲಿ” ಎಂದಿದ್ದಳು. ಮರುದಿನ ಅವನು ಬಂದದ್ದು ದೊಡ್ಡ ಡಬ್ಬಿಯ ತುಂಬ ಅಂಟಿನ ಉಂಡಿ ಹೊತ್ತು! ತುಪ್ಪ, ಬೆಲ್ಲ, ಉತ್ತತ್ತಿ, ಹುರಿದ ಅಂಟು... ಬಾಣಂತಿಗೆ ಕೊಡುವ ಉಂಡಿ!

“ಅಂಟು ಅಂದ್ರಲ್ರಿ... ಅವ್ವ ನಸುಕಿನಾಗ ಎದ್ದು ಕಟ್ಟಿದ್ಲು. ಯಾರು ಹಡದಾರೋ ಅಂತ ದಾರಿ ತುಂಬ ಫೋನ್ ಮಾಡಿ ಕೇಳಾಕತ್ತಾಳ.”

ಹೆಂಗಸರು ನೆಲಕ್ಕೆ ಬಿದ್ದು ನಕ್ಕರು. ವಿದ್ಯಾವತಿಯ ಅವ್ವ ಶಾಂತಾದೇವಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಂದು ಕಾಗದದ ಕೆಲಸ ನಡೆಯಲಿಲ್ಲ. ಉಂಡಿ ಮಾತ್ರ ಒಂದೂ ಉಳಿಯಲಿಲ್ಲ.

ಹೀಗೆ ಭಾನುವಾರಗಳು ಸರಿದವು. ಅವನು ಬರುವುದು ಸ್ವಲ್ಪ ತಡವಾದರೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. *ಫರಾಳಕ್ಕಾಗಿ ಕಾಯುತ್ತಿದ್ದೇನೆ, ಅಷ್ಟೆ* ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಳ್ಳು ಎಂದು ಗೊತ್ತಿದ್ದೇ ಹೇಳಿಕೊಳ್ಳುತ್ತಿದ್ದಳು.

ಅವಳಿಗೆ ಹೆದರಿಕೆಯಿತ್ತು. ಹಿಂದೊಮ್ಮೆ ಬೆಳಗಾವಿಯ ಕಡೆಯ ಸಂಬಂಧವೊಂದು ಬಂದಿತ್ತು. ಹುಡುಗನ ಮನೆಯವರು ಒಪ್ಪಿದರು, ಅಪ್ಪ ಒಪ್ಪಿದರು, ಸೋದರಮಾವ ಒಪ್ಪಿದ. ಒಂದು ದಿನ ಶಾಲೆಯಲ್ಲಿ ಜೊತೆಗಾರ್ತಿಯೊಬ್ಬಳು, “ಹೂಂ ಅಂದಿಯಂತಲ್ಲ, ಬಾಯಿ ಸಿಹಿ ಮಾಡವಾ!” ಎಂದು ಕೈಕುಲುಕಿದಳು. ವಿದ್ಯಾವತಿ ಯಾರಿಗೂ ಹೂಂ ಅಂದಿರಲಿಲ್ಲ. ಯಾರೂ ಅವಳನ್ನು ಕೇಳಿಯೇ ಇರಲಿಲ್ಲ! ತನ್ನ ಮದುವೆಯ ಒಪ್ಪಿಗೆ ತನಗೇ ಬೇರೆಯವರ ಬಾಯಿಂದ ಗೊತ್ತಾದ ಆ ಗಳಿಗೆಯನ್ನು ಅವಳು ಮರೆಯಲಾರಳು. ಜಗಳವಾಡಿ ಸಂಬಂಧ ಮುರಿದಳು. ನಂಟರ ಬಾಯಿಗೆ ಮನೆಯವರೆಲ್ಲ ಆಹಾರವಾದರು. ಅಂದೇ ಅವಳು ನಿಶ್ಚಯಿಸಿದ್ದಳು. ತನ್ನ ಹೂಂ ತನ್ನ ಬಾಯಿಂದಲೇ ಬರಬೇಕು, ತನ್ನನ್ನು ಕೇಳಿದವನಿಗೇ ಸಲ್ಲಬೇಕು.

ವಿಜಯದಶಮಿ ಬಂತು.

ನಮ್ಮ ಕಡೆ ಬನ್ನಿ ಎಲೆಗೆ ಬಂಗಾರ ಎನ್ನುತ್ತಾರೆ. ಅಂದು ಸಂಜೆ ಎಲ್ಲರೂ ಎಲ್ಲರಿಗೂ ಬನ್ನಿ ಕೊಟ್ಟು, “ನಾವು ನೀವು ಬನ್ನಿ ತಗೊಂಡು ಬಂಗಾರದಂಗ ಇರೂಣು” ಅನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಮಾತನಾಡಬೇಕು. ವಿದ್ಯಾವತಿಯ ಪಡಸಾಲೆ ತುಂಬಿತ್ತು. ಮೇಲೆ ಹಗ್ಗಕ್ಕೆ ಸಿಕ್ಕಿಸಿದ್ದ ಬಣ್ಣದ ಹಾಳೆಗಳು ಒಣಗುತ್ತಿದ್ದವು, ಕೆಳಗೆ ಬನ್ನಿ ಕೈಯಿಂದ ಕೈಗೆ ಓಡಾಡುತ್ತಿತ್ತು.

ಬಿಳಿ ಅಂಗಿ ತೊಟ್ಟು, ಕೂದಲು ಒಪ್ಪವಾಗಿ ಬಾಚಿಕೊಂಡು ಈರೇಶ ಬಂದ. ಹಳಿಯಾಳದಿಂದ ಬರುವ ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ ಅವನ ತುಟಿ ಒಣಗಿತ್ತು. ಗೋದುಬಾಯಿಯ ಪಕ್ಕ ನಿಂತಿದ್ದ ವಿದ್ಯಾವತಿಯ ಎದುರು ಬಂದು ಎರಡು ಎಲೆ ಮುಂದೆ ಹಿಡಿದ.

“ವಿದ್ಯಾ ಅವ್ರ... ಬನ್ನಿ ತಗೊಂಡು... ನಾನು ನೀವು... ಬಂಗಾರದಂಗ ಇರೂಣೇನ್ರಿ?”

ಅವಳು ಆಗಷ್ಟೇ ಹಾಲಿನವನಿಗೆ ಬನ್ನಿ ಕೊಟ್ಟಿದ್ದಳು. ಹಿಂದೆ ಪಕ್ಕದ ಮನೆಯವರು ಕಾಯುತ್ತಿದ್ದರು. ನಗುತ್ತಲೇ ಎಲೆ ತೆಗೆದುಕೊಂಡಳು.

“ಹೂನ್ರಿ, ಇರೂಣ್ರಿ!”

“ಖರೇನ?”

“ಹಬ್ಬದ ದಿನ ಯಾರರ ಸುಳ್ಳು ಹೇಳ್ತಾರೇನ್ರಿ?”

ಅವನ ಮುಖ ಅರಳಿತು. ಮತ್ತೇನೂ ಹೇಳದೆ, ಚಹಾವನ್ನೂ ಕುಡಿಯದೆ, ಮೆಟ್ಟಿಲನ್ನು ಜಿಗಿದು ಇಳಿದು ಹೋದ. *ಇವನಿಗೇನಾಯಿತು ಇವತ್ತು?* ಎಂದುಕೊಳ್ಳುತ್ತ ಅವಳು ಪಕ್ಕದ ಮನೆಯವರ ಕಡೆ ತಿರುಗಿದಳು.

ಹಬ್ಬದ ಸಂಭ್ರಮ ಇಳಿದ ಮೇಲೆ, ಒಂದು ಮಧ್ಯಾಹ್ನ ಹಳಿಯಾಳದ ವ್ಯಾನ್ ಮನೆಯೆದುರು ನಿಂತಿತು. ಇಳಿದವಳು ಶಂಕ್ರವ್ವ. ಹಣೆಯ ತುಂಬ ವಿಭೂತಿ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಖಣ, ತೆಂಗಿನಕಾಯಿ, ಉತ್ತತ್ತಿ, ಹೂವು... ಹೆಣ್ಣಿಗೆ ಉಡಿ ತುಂಬುವ ಸಾಮಾನು! ಹಿಂದೆ ತಲೆ ತಗ್ಗಿಸಿಕೊಂಡು ಈರೇಶ.

ಶಾಂತಾದೇವಿ ಗಾಬರಿಯಿಂದ ಚಾಪೆ ಹಾಸಿದಳು. ಶಂಕ್ರವ್ವ ಕುಳಿತವಳೇ ಮನಸಾರೆ ನಕ್ಕಳು.

“ನೋಡ್ರಿ ಬೀಗತಿ, ನಮಗ ಒಳಗೊಂದು ಹೊರಗೊಂದು ಬರಂಗಿಲ್ಲ. ನನ್ನ ಮಗಾ ಬಂದು ಹೇಳಿದಾಗಿಂದ ನನಗ ನೆಲದ ಮ್ಯಾಲ ಕಾಲ ನಿಂತಿಲ್ಲ. ನಿಮ್ಮ ಮಗಳು ಹೂಂ ಅಂದಾಳಂತ!”

*ಹೂಂ ಅಂದಾಳಂತ!*

ಅದೇ ಮಾತು. ಮತ್ತೆ ಅದೇ ಮಾತು! ವಿದ್ಯಾವತಿ ಕೈಯಲ್ಲಿದ್ದ ಸುಣ್ಣದ ನೀರಿನ ಬಟ್ಟಲನ್ನು ಕೆಳಗೆ ಕುಕ್ಕಿದಳು.

“ನಾ ಯಾರಿಗೂ ಹೂಂ ಅಂದಿಲ್ಲ!”

ಶಂಕ್ರವ್ವನ ನಗು ಅಲ್ಲೇ ನಿಂತಿತು. ಈರೇಶ ತಲೆಯೆತ್ತಿದ.

“ಬನ್ನಿ ಕೊಟ್ಟಾಗ... ಕೇಳಿದ್ನೆಲ್ರಿ...”

“ಬನ್ನಿ ಎಲ್ಲಾರೂ ಕೊಡ್ತಾರ! ಬಂಗಾರದಂಗ ಇರೂಣು ಅಂತ ಎಲ್ಲಾರೂ ಅಂತಾರ! ಗೋದುಬಾಯಿಗೂ ಹೂಂ ಅಂದೇನಿ, ಹಾಲಿನಾಂವಗೂ ಹೂಂ ಅಂದೇನಿ. ಅವರೂ ಉಡಿ ತಗೊಂಡು ಬರ್ತಾರೇನು ನಾಳಿ?”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಪೆಟ್ಟು ಎಷ್ಟೆಂದು ಅವಳಿಗೆ ಕಂಡಿತು. ಈರೇಶನ ಮುಖದಲ್ಲಿ ರಕ್ತವಿರಲಿಲ್ಲ.

ಅವನು ಮುಂದೆ ಬಂದ. ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡ.

“ತಪ್ಪು ನಂದೈತ್ರಿ. ಅವ್ವಾ, ಏಳು. ಹೋಗೂಣು.”

ಶಂಕ್ರವ್ವ ಬಾಗಿಲಿನಲ್ಲಿ ಒಮ್ಮೆ ನಿಂತು ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ವಿದ್ಯಾವತಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಮುಂದಿನ ಭಾನುವಾರ ಈರೇಶ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ದೀಪಾವಳಿ ಹತ್ತಿರವಾಗಿತ್ತು, ಆಕಾಶಬುಟ್ಟಿಗಳ ಕೆಲಸ ಬೆಟ್ಟದಷ್ಟಿತ್ತು. ವಿದ್ಯಾವತಿ ಹಸಿ ಹಾಳೆಯನ್ನು ಎತ್ತಿ ಹರಿದಳು. ಸುಣ್ಣದ ನೀರನ್ನು ಚಹಾದ ಹಾಳೆಯ ಮೇಲೆ ಸುರಿದಳು.

“ನೀ ಹಿಂಗ ಮಾಡಿದ್ರ ಈ ವರ್ಷ ದೀವಳಿಗೆ ಕತ್ತಲಾಗ ಆಗ್ತೈತಿ ನೋಡ” ಎಂದಳು ಗೋದುಬಾಯಿ. ಉಳಿದವರೆಲ್ಲ ಹೋಗಿದ್ದರು. ಜೊಯಿಡಾದ ಬಸ್ಸಿಗೆ ಇನ್ನೂ ಹೊತ್ತಿತ್ತು.

“ನಂದೇನ್ ತಪ್ಪೈತಿ ಹೇಳ್ರಿ ಬಾಯಿ?” ವಿದ್ಯಾವತಿ ಕೈಯ ಹಾಳೆಯನ್ನು ಮುದುಡಿದಳು. “ನನ್ನ ಒಂದ್ ಮಾತು ಕೇಳಬಾರದಿತ್ತೇನು? ನೆಟ್ಟಗ ಅವ್ವನ್ನ ಕರಕೊಂಡು ಬರೂದೇನು? ಆ ಬೆಳಗಾವಿಯವ್ರಂಗ ಇಂವನೂ...”

ಗೋದುಬಾಯಿ ಎಸಳಿಗೆ ಉಜ್ಜುತ್ತಿದ್ದ ಅರಳೆಯನ್ನು ಕೆಳಗಿಟ್ಟಳು.

“ಅಗ ಪೋರಿ, ಅವತ್ತು ನಾ ನಿನ್ನ ಬಾಜೂಕ ನಿಂತಿದ್ನೆಲ್ಲ. ಎಲ್ಲಾರೂ ಏನಂತಾರ? ನಾವು ನೀವು ಬಂಗಾರದಂಗ ಇರೂಣು ಅಂತಾರ. ಹೌದಿಲ್ಲೊ?”

“ಹೂಂ.”

“ಆ ಪೋರ ಏನಂದ? ‘ನಾನು ನೀವು’ ಅಂದ. ‘ನಾವು’ ಅನ್ನಲಿಲ್ಲ ಅಂವ. ಮ್ಯಾಲ ಇರೂಣು ಅನ್ನಲಿಲ್ಲ, ಇರೂಣೇನ್ರಿ ಅಂತ ಕೇಳಿದ. ನಮ್ಮ ಮನಿ ಮಾತು ಮರಾಠಿ. ನನಗ ತಿಳೀತು, ನಿನಗ ತಿಳೀಲಿಲ್ಲ!”

ವಿದ್ಯಾವತಿ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಅಂದುಕೊಂಡಳು.

*ನಾನು ನೀವು... ಇರೂಣೇನ್ರಿ?*

ಆ ಒಣಗಿದ ತುಟಿ. ‘ಖರೇನ?’ ಎಂದು ಮತ್ತೊಮ್ಮೆ ಕೇಳಿದ ರೀತಿ... ಎಲ್ಲವೂ ಒಂದೊಂದಾಗಿ ಕಣ್ಣೆದುರು ಬಂದವು.

ಅವನು ಕೇಳಿದ್ದ! ಅವ್ವನಿಗಿಂತ ಮೊದಲು, ಅಪ್ಪನಿಗಿಂತ ಮೊದಲು, ಈ ಜಗತ್ತಿನಲ್ಲಿ ಅವಳನ್ನೇ ಮೊದಲು ಕೇಳಿದ್ದ. ಯಾರೂ ತನ್ನನ್ನು ಕೇಳಲಿಲ್ಲವೆಂದು ವರ್ಷಗಟ್ಟಲೆ ಉರಿದವಳು, ಕೇಳಿದ ಒಬ್ಬನ ಮಾತನ್ನು ಕೇಳಿಸಿಕೊಳ್ಳದೆ ಹೋದಳು. ಕೇಳಿಸಿಕೊಳ್ಳದೆಯೇ ಹೂಂ ಅಂದಳು. ಆಮೇಲೆ ಅವನನ್ನು ಹಾಲಿನವನ ಸಾಲಿನಲ್ಲಿ ನಿಲ್ಲಿಸಿದಳು!

“ಬಾಯಿ... ನಾ ಏನ್ ಮಾಡಿಬಿಟ್ಟೆ?” ಎಂದು ಮುಖ ಮುಚ್ಚಿಕೊಂಡು ಅತ್ತಳು. ಪ್ರೀತಿ ಇಲ್ಲದವರಿಗೆ ಹಾಗೆ ಅಳಲು ಬರುವುದಿಲ್ಲ. ಅದು ಅವಳಿಗೂ ಆಗ ತಿಳಿಯಿತು.

ಗೋದುಬಾಯಿ ಬೆನ್ನು ಸವರಿದಳು. “ಅಳೂದು ಸಾಕ. ಶಂಕ್ರವ್ವ ಮುಂಡಗೋಡದಾಗ ಹೆಣ್ಣು ನೋಡಾಕ ಹತ್ಯಾಳಂತ. ಹಬ್ಬ ಮುಗದ ಮ್ಯಾಲ ಹೋಗವ್ರಂತ.”

ದೀಪಾವಳಿಯ ಮೊದಲಿಗೆ ಬರುವ, ಹಂಡೆಗೆ ನೀರು ತುಂಬುವ ಹಬ್ಬದ ಹಿಂದಿನ ದಿನ. ವಿದ್ಯಾವತಿ ಶಾಲೆಗೆ ರಜೆ ಹಾಕಿ ಹಳಿಯಾಳದ ಬಸ್ಸು ಹತ್ತಿದಳು. ಅವ್ವನಿಗೆ ಹೇಳಿಯೇ ಹೊರಟಳು. ಶಾಂತಾದೇವಿ ಮಗಳ ಮುಖವನ್ನು ನೋಡಿ, “ನೀನ ಹೋಗಬೇಕಾ? ನಾವು ದೊಡ್ಡವರು ಹೋಗಿ ಮಾತಾಡಿದ್ರ ನಡಿಯಂಗಿಲ್ಲಾ?” ಎಂದಳು.

“ಇಲ್ಲವ್ವಾ. ಈ ಮಾತು ನಂದು.”

ಕಾಡಿನ ತಿರುವುಗಳಲ್ಲಿ ಬಸ್ಸು ಹೊಯ್ದಾಡುವಾಗ ಅವಳ ಧೈರ್ಯವೂ ಹೊಯ್ದಾಡಿತು. *ಅವನು ಮುಖ ತಿರುಗಿಸಿದರೆ? ಎಲ್ಲರೆದುರು ನಕ್ಕರೆ? ನಗಲಿ. ನಾನು ಮಾಡಿದ್ದೂ ಅದನ್ನೇ ಅಲ್ಲವೇ...*

ಫರಾಳದ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ಗಿರಾಕಿಗಳು! ತಕ್ಕಡಿಯ ಹಿಂದೆ ಶಂಕ್ರವ್ವ ಕೂತಿದ್ದಳು. ವಿದ್ಯಾವತಿಯನ್ನು ನೋಡಿದಳು. ಗುರುತು ಹಿಡಿದಳು. ಹಿಡಿಯದವಳಂತೆ ಕೇಳಿದಳು.

“ಏನ್ ಬೇಕವಾ? ಚಕ್ಕಲಿ ಅರ್ಧಾ ಕೆಜಿ ಕೊಡ್ಲೊ, ಒಂದ್ ಕೆಜಿ ಕೊಡ್ಲೊ?”

“ಫರಾಳ ಬ್ಯಾಡ್ರಿ... ನಿಮ್ಮ ಮಗನ್ನ ಒಂದ್ ಮಾತು ಕೇಳೂದೈತ್ರಿ.”

“ಕೇಳೂದೆಲ್ಲ ಮುಗದೈತಲ್ಲವಾ. ಕೇಳಿದಾಂವ ಅಂವ. ಇಲ್ಲ ಅಂದಾಕಿ ನೀನು.”

“ಅವ್ರು ಕೇಳಿದ್ದು ನನಗ ಕೇಳಿಸಿರ್ಲಿಲ್ರಿ.” ವಿದ್ಯಾವತಿಯ ಕಣ್ಣು ತುಂಬಿತು. ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು. ನೋಡಲಿ! “ಅವತ್ತು ನೀವು ಉಡಿ ತುಂಬಾಕ ಬಂದ್ರಿ, ನಾ ನಿಮ್ಮನ್ನ ಬರೇ ಕೈಲೆ ಕಳಿಸಿದೆ. ಅದಕ್ಕ ನಿಮ್ಮ ಕಾಲಿಗೆ ಬೀಳ್ತೇನ್ರಿ. ಆದ್ರ ಅವ್ರನ್ನ ಕೇಳಾಕ ಬಿಡ್ರಿ.”

ಶಂಕ್ರವ್ವ ತೂಗುವುದನ್ನು ಬಿಟ್ಟು ಅವಳತ್ತ ತಿರುಗಿದಳು. ತಕ್ಕಡಿಯಲ್ಲಿ ಚಕ್ಕಲಿ ಹಾಗೇ ಇತ್ತು.

“ಅವತ್ತಿಂದ ಅಂವ ನೆಟ್ಟಗ ಉಂಡಿಲ್ಲ” ಎಂದಳು. ದನಿ ಒರಟಾಗಿತ್ತು, ಕಣ್ಣು ಒರಟಾಗಿರಲಿಲ್ಲ. “ಇನ್ನೊಮ್ಮೆ ನನ್ನ ಮಗನ ಮಾರಿ ಸಣ್ಣದು ಮಾಡಿದ್ರ ನೋಡು ಮತ್ತ... ಒಳಗ ಭಟ್ಟಿ ಮುಂದ ಅದಾನ. ಹೋಗು.”

ಒಳಗೆ ಹೊಗೆ, ಶಾಖ, ಕುದಿಯುವ ಎಣ್ಣೆಯ ಸದ್ದು. ಈರೇಶ ಕಡಾಯಿಯ ಮುಂದೆ ಚಕ್ಕಲಿ ಒತ್ತುತ್ತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದವನು ಹಾಗೇ ನಿಂತ. ಗಲ್ಲ ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು.

“ನೀವು... ಇಲ್ಲಿ ಯಾಕ ಬಂದ್ರಿ? ಹೊಗಿ ಭಾಳ ಐತಿ, ಹೊರಗ ಕುಂದರ್ರಿ.”

ಇಷ್ಟೆಲ್ಲ ಆದ ಮೇಲೂ ಅವನಿಗೆ ಅವಳ ಕಣ್ಣಿಗೆ ಹೊಗೆ ತಾಗುವುದರದೇ ಚಿಂತೆ! ಅವಳ ಎದೆಯಲ್ಲಿ ಉಳಿದಿದ್ದ ಹೆದರಿಕೆ ಅಲ್ಲೇ ಸತ್ತಿತು.

“ಹೊರಗ ಕುಂದ್ರಾಕ ಬಂದಿಲ್ರಿ. ಅವತ್ತು ನೀವು ‘ನಾನು’ ಅಂದ್ರಿ. ನಾ ‘ನಾವು’ ಅಂತ ಕೇಳಿಸ್ಕೊಂಡೆ. ನಿಮ್ಮನ್ನ ಎಲ್ಲಾರ ಸಾಲಿಗೆ ಸೇರಿಸಿ ಮಾತಾಡಿದೆ. ತಪ್ಪಾತ್ರಿ.”

“ನಂದೂ ತಪ್ಪೈತ್ರಿ” ಎಂದ ಈರೇಶ ನೆಲ ನೋಡುತ್ತ. “ಬಾಯಿಬಿಟ್ಟು ಕೇಳಾಕ ಧೈರ್ಯ ಸಾಲಲಿಲ್ಲ. ನೀವು ಇಲ್ಲ ಅಂದ್ರ, ಹಬ್ಬದ ಮಾತು ಅಂದೆ ಅಂತ ನಕ್ಕು ಬಿಡೂಣು ಅಂತ ಹಬ್ಬದ ಹಿಂದ ಅಡಗಿಕೊಂಡು ಕೇಳಿದೆ. ಅಡಗಿ ಕೇಳಿದ್ದು ನಿಮಗ ಹೆಂಗ ಕೇಳಸಬೇಕು?”

“ನಾ ಅಡಗಂಗಿಲ್ರಿ.”

ವಿದ್ಯಾವತಿ ಒಂದು ಹೆಜ್ಜೆ ಮುಂದೆ ಬಂದಳು.

“ನನಗ ನೀವು ಅಂದ್ರ ಜೀವ. ಭಾನುವಾರ ನೀವು ಬರಲಿಲ್ಲ ಅಂದ್ರ ನನ್ನ ಕೈಯಾಗ ಕೆಲಸ ಏಳಂಗಿಲ್ಲ. ನನ್ನನ್ನ ಲಗ್ನ ಆಗ್ತೀರೇನ್ರಿ?”

ಈರೇಶ ಕಡಾಯಿಯನ್ನೇ ಮರೆತ.

“ಇದು... ಇದೂ ಹಬ್ಬದ ಮಾತಲ್ಲ ಹೌದಿಲ್ರಿ?”

“ಹಬ್ಬ ನಾಳೆ ಐತ್ರಿ. ಇವತ್ತು ಬರೇ ನಾನು ಅದೀನಿ.”

ಅವನ ಕಣ್ಣಿಂದ ನೀರು ಇಳಿಯಿತು. ಹೊಗೆ ಎಂದು ಹೇಳಿಕೊಳ್ಳಲೂ ಅವನು ಪ್ರಯತ್ನಿಸಲಿಲ್ಲ. ಹೊರಗಿನಿಂದ ಶಂಕ್ರವ್ವನ ಗಂಟಲು ಅಂಗಡಿ ನಡುಗುವಂತೆ ಕೇಳಿಸಿತು.

“ಏ ಈರ್ಯಾ! ಚಕ್ಕಲಿ ಸೀದ ವಾಸನಿ ಇಲ್ಲಿತನಕ ಬಂತು! ಹೂಂ ಅನ್ನೋ ಲಗೂನ!”

ಗಿರಾಕಿಗಳೆಲ್ಲ ನಕ್ಕರು. ವಿದ್ಯಾವತಿ ಕೆನ್ನೆ ಒರೆಸಿಕೊಂಡು ತಲೆ ಅಲ್ಲಾಡಿಸಿದಳು.

“ಅವ್ವ ಹೇಳಿದ್ರು ಅಂತ ಅನಬ್ಯಾಡ್ರಿ. ನಿಮಗ ಅನಸಿದ್ರ ಅಷ್ಟ ಅನ್ರಿ.”

“ಹೂಂ” ಎಂದ ಈರೇಶ.

“ಕೇಳಸಲಿಲ್ರಿ.”

“ಹೂಂ!”

“ಇನ್ನೊಮ್ಮೆ.”

ಅವನು ನಕ್ಕ. ಅಳುತ್ತಲೇ ನಕ್ಕ. ಅವಳಿಗೆ ಮಾತ್ರ ಕೇಳುವಷ್ಟು ಹತ್ತಿರ ಬಂದು, ಮೊದಲ ಸಲ ‘ಅವ್ರ’, ‘ರೀ’ ಎರಡನ್ನೂ ಬಿಟ್ಟು ಹೇಳಿದ.

“ಹೂಂ ಅಂದೆನಲ್ಲ, ವಿದ್ಯಾ. ಜೀವ ಇರೂತನಕ ದಿನಾ ಕೇಳು, ದಿನಾ ಅಂತೇನಿ.”

“ಕೇಳ್ತೇನಿ” ಎಂದಳು ವಿದ್ಯಾವತಿ.